ಪರದೆ ಮತ್ತು ಪಾಲಕರು: ಹದಿಹರೆಯದವರ ತೂಕದ ಆರೈಕೆಯಲ್ಲಿ ಡಿಜಿಟಲ್ ಸಾಧನಗಳ ಚರಿತ್ರೆ

ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ 1990ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದ ತಿರುಳಿಗೂ ಕಂಪ್ಯೂಟರಿಗೂ ಯಾವ ನಂಟೂ ಇಲ್ಲ. ಆದರೂ ಹದಿಹರೆಯದವರ ತೂಕದ ಆರೈಕೆಗೆ ಡಿಜಿಟಲ್ ಸಾಧನ ಬಂದ ಬಗೆಯನ್ನು ಅರಿಯಲು ಅಲ್ಲಿಂದಲೇ ಹೊರಡಬೇಕು. ಮನೋವಿಜ್ಞಾನಿ ಲಿಯೊನಾರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು 6ರಿಂದ 12 ವರ್ಷದ ಬೊಜ್ಜುಳ್ಳ ಮಕ್ಕಳನ್ನು ಪಾಲಕರ ಸಮೇತ ಮೂರು ಗುಂಪು ಮಾಡಿ, ಹತ್ತು ವರ್ಷ ಬಿಡದೆ ಗಮನಿಸಿದ್ದರು. ಪಥ್ಯ, ವ್ಯಾಯಾಮ, ನಡವಳಿಕೆಯ ಪಾಠ ಮೂರು ಗುಂಪಿಗೂ ಒಂದೇ. ಮೊದಲ ಗುಂಪಿನಲ್ಲಿ ಮಗುವೂ ಪಾಲಕರೂ ಜೊತೆಯಾಗಿ ಬದಲಾಗಬೇಕಿತ್ತು. ಎರಡನೆಯದರಲ್ಲಿ ಮಗು ಮಾತ್ರ. ಮೂರನೆಯದರಲ್ಲಿ ಸಭೆಗೆ ಬಂದು ಹೋದರೆ ಸಾಕಿತ್ತು. ಹತ್ತು ವರ್ಷ ಕಳೆದ ಮೇಲೆ, ಎತ್ತರಕ್ಕೆ ತಕ್ಕ ತೂಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂದು ಅಳೆದಾಗ, ಮೊದಲ ಗುಂಪಿನ ಮಕ್ಕಳಲ್ಲಿ ಆ ಪ್ರಮಾಣ 7.5ರಷ್ಟು ಇಳಿದಿತ್ತು. ಎರಡನೆಯ ಗುಂಪಿನಲ್ಲಿ 4.5ರಷ್ಟು ಏರಿತ್ತು, ಮೂರನೆಯದರಲ್ಲಿ 14.3ರಷ್ಟು.

ಅಂದಿನಿಂದ ಇಂದಿನವರೆಗೆ ಈ ಕ್ಷೇತ್ರಕ್ಕೆ ಜಾಲತಾಣ, ಎಸ್‌ಎಂಎಸ್, ವಿಡಿಯೊ ಗೇಮ್, ಕೈಪಟ್ಟಿ, ಆ್ಯಪ್ ಎಲ್ಲವೂ ಬಂದಿವೆ. ಆ ಪ್ರಯೋಗಗಳ ವರದಿಗಳನ್ನು ಕಾಲಾನುಕ್ರಮದಲ್ಲಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪರದೆ ಮೇಜಿನಿಂದ ಅಂಗೈಗೆ ಇಳಿಯುತ್ತ ಬಂದಂತೆ ಪಾಲಕರು ಚಿಕಿತ್ಸೆಯಿಂದ ದೂರ ಸರಿಯುತ್ತ ಹೋಗಿದ್ದಾರೆ. ಹೀಗಾಗಲಿ ಎಂದು ಯಾರೂ ತೀರ್ಮಾನಿಸಿರಲಿಲ್ಲ. ಒಬ್ಬರೇ ನೋಡುವಷ್ಟು ಚಿಕ್ಕದಾದ ಪರದೆಯಿಂದ ಅದು ತಾನಾಗಿಯೇ ಆಯಿತು. ಅದಕ್ಕೆ ತೆತ್ತ ಬೆಲೆಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಯಂತ್ರಕ್ಕಿಂತ ಮೊದಲು ಇದ್ದದ್ದು ಕಾಗದದ ದಿನಚರಿ. 1967ರಲ್ಲಿ ರಿಚರ್ಡ್ ಸ್ಟುವರ್ಟ್ ಅತಿಯಾಗಿ ತಿನ್ನುವುದನ್ನು ನಡವಳಿಕೆಯ ಮೂಲಕ ಹತೋಟಿಗೆ ತರುವ ಕ್ರಮವನ್ನು ಪ್ರಕಟಿಸಿದಾಗಿನಿಂದ, ಏನು ತಿಂದೆ, ಯಾವಾಗ ತಿಂದೆ ಎಂದು ಬರೆದಿಡುವುದು ಚಿಕಿತ್ಸೆಯ ಬೆನ್ನೆಲುಬಾಯಿತು. ಎಪ್‌ಸ್ಟೈನ್ ಇದಕ್ಕೆ ಸಿಗ್ನಲ್ ದೀಪದ ಮೂರು ಬಣ್ಣ ಸೇರಿಸಿದರು: ಹಸಿರು ಬಣ್ಣದ ಆಹಾರ ಧಾರಾಳವಾಗಿ, ಹಳದಿ ಹಿತಮಿತವಾಗಿ, ಕೆಂಪು ಅಪರೂಪಕ್ಕೆ. ಮಗುವಿಗೆ ಕ್ಯಾಲೊರಿ ಲೆಕ್ಕ ತಿಳಿಯದಿದ್ದರೂ ಬಣ್ಣ ತಿಳಿಯುತ್ತದೆ. ಆದರೆ ದಿನಚರಿಯನ್ನು ಎಷ್ಟು ನಂಬಬಹುದು? 2002ರಲ್ಲಿ ಆರ್ಥರ್ ಸ್ಟೋನ್ ಮತ್ತು ಸಂಗಡಿಗರು, ನೋವಿನಿಂದ ಬಳಲುವ ವಯಸ್ಕರಿಗೆ ಕೊಟ್ಟ ಕಾಗದದ ದಿನಚರಿಯೊಳಗೆ ಬೆಳಕನ್ನು ಗುರುತಿಸುವ ಸಂವೇದಕ ಅಡಗಿಸಿಟ್ಟು ಪರೀಕ್ಷಿಸಿದರು. ಹೊತ್ತುಹೊತ್ತಿಗೆ ಬರೆದಿದ್ದೇವೆಂದು ತೋರುವ ನಮೂದುಗಳು ಶೇ 90ರಷ್ಟಿದ್ದವು. ನಿಜವಾಗಿ ಹೊತ್ತಿಗೆ ಸರಿಯಾಗಿ ಬರೆದದ್ದು ಶೇ 11 ಮಾತ್ರ. ವಿದ್ಯುನ್ಮಾನ ದಿನಚರಿಯಲ್ಲಿ ಅದೇ ಅಂಕಿ ಶೇ 94. ಡಿಜಿಟಲ್ ಸಾಧನದ ಪರವಾದ ಮೊದಲ ಗಟ್ಟಿ ವಾದ ಇದು. ಅಲ್ಲಿ ಬರಹಕ್ಕೆ ಗಡಿಯಾರದ ಸಾಕ್ಷಿ ಇರುತ್ತದೆ.

ಮೊದಲ ಹೆಜ್ಜೆಗಳು ವಯಸ್ಕರವು. 1985ರಲ್ಲಿ ಬರ್ನೆಟ್, ಟೇಲರ್ ಮತ್ತು ಅಗ್ರಾಸ್ ಜೊತೆಗೆ ಒಯ್ಯಬಲ್ಲ ಕಂಪ್ಯೂಟರನ್ನು ಬೊಜ್ಜಿನ ಚಿಕಿತ್ಸೆಗೆ ಬಳಸಿ ವರದಿ ಮಾಡಿದರು. 2001ರಲ್ಲಿ ಡೆಬೊರಾ ಟೇಟ್ ಮತ್ತು ರೀನಾ ವಿಂಗ್ 91 ಜನರ ಪ್ರಯೋಗದಲ್ಲಿ ತೋರಿಸಿದ್ದು ಇನ್ನೂ ಮುಖ್ಯ. ಜಾಲತಾಣದಲ್ಲಿ ಬರೀ ಮಾಹಿತಿ ಓದಿದವರು ಆರು ತಿಂಗಳಲ್ಲಿ ಸರಾಸರಿ 1.6 ಕಿಲೊ ಇಳಿದರೆ, ಪ್ರತಿ ವಾರ ಇಮೇಲ್‌ನಲ್ಲಿ ಪಾಠವನ್ನೂ ಚಿಕಿತ್ಸಕರ ಪ್ರತಿಕ್ರಿಯೆಯನ್ನೂ ಪಡೆದವರು 4.1 ಕಿಲೊ ಇಳಿದರು. ಆ ಕಡೆ ಒಬ್ಬ ಮನುಷ್ಯ ಕುಳಿತು ಓದುತ್ತಿದ್ದಾನೆ ಎಂಬ ಅರಿವು ಈ ವ್ಯತ್ಯಾಸಕ್ಕೆ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಹದಿಹರೆಯದವರಿಗಾಗಿಯೇ ರೂಪಿಸಿದ ಮೊದಲ ದೀರ್ಘ ಪ್ರಯೋಗಗಳಲ್ಲಿ ಲೂಯಿಸಿಯಾನದ ಬ್ಯಾಟನ್ ರೂಜ್ ನಗರದ ಪೆನ್ನಿಂಗ್ಟನ್ ಸಂಶೋಧನಾ ಕೇಂದ್ರದಲ್ಲಿ ಡೊನಾಲ್ಡ್ ವಿಲಿಯಮ್ಸನ್ ನಡೆಸಿದ ‘ಹಿಪ್‌ಟೀನ್ಸ್’ ಪ್ರಮುಖವಾದದ್ದು. 11ರಿಂದ 15 ವರ್ಷದ 57 ಆಫ್ರಿಕನ್ ಅಮೆರಿಕನ್ ಹುಡುಗಿಯರು, ಪ್ರತಿಯೊಬ್ಬಳ ಜೊತೆಗೆ ಬೊಜ್ಜುಳ್ಳ ಒಬ್ಬ ಪಾಲಕರು. ಮನೆಗೆ ಕಂಪ್ಯೂಟರನ್ನೂ ಇಂಟರ್‌ನೆಟ್ಟನ್ನೂ ಒದಗಿಸಲಾಗಿತ್ತು. ಅರ್ಧದಷ್ಟು ಕುಟುಂಬಗಳಿಗೆ ನಡವಳಿಕೆಯ ಪಾಠ, ಇಮೇಲ್ ಸಲಹೆ. ಉಳಿದವರಿಗೆ ಆರೋಗ್ಯ ಮಾಹಿತಿಯ ತಾಣ. ಮೊದಲ ಆರು ತಿಂಗಳಲ್ಲಿ ನಡವಳಿಕೆಯ ಗುಂಪಿನ ಹುಡುಗಿಯರ ದೇಹದ ಕೊಬ್ಬು ಇಳಿಯಿತು. ಎರಡು ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ತಾಣಕ್ಕೆ ಬರುವುದೂ ಕಾಲ ಕಳೆದಂತೆ ಕುಗ್ಗಿತ್ತು. ಇದನ್ನು ಸೋಲೆಂದು ದಾಖಲಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ತಾಯಿ ಮಗಳು ಇಬ್ಬರೂ ಒಂದೇ ಯಂತ್ರದ ಮುಂದೆ ಕೂರುವ ಏರ್ಪಾಡನ್ನು ಯೋಚಿಸಿ ಮಾಡಿದ್ದ ಈ ಪ್ರಯೋಗ, ಮುಂದೆ ಬಂದವರು ಕೈಬಿಟ್ಟ ಒಂದು ವಿನ್ಯಾಸವನ್ನು ನಮಗೆ ಉಳಿಸಿಕೊಟ್ಟಿದೆ.

ಇದರ ಪಕ್ಕದಲ್ಲಿ ಇಡಬೇಕಾದದ್ದು ಸ್ವೀಡನ್ನಿನ ‘ಮ್ಯಾಂಡೊಮೀಟರ್’. ತಟ್ಟೆಯ ಕೆಳಗೊಂದು ತಕ್ಕಡಿ, ಅದಕ್ಕೆ ಜೋಡಿಸಿದ ಪುಟ್ಟ ಕಂಪ್ಯೂಟರು. ತಟ್ಟೆಯಲ್ಲಿನ ಅನ್ನ ಕಡಿಮೆಯಾಗುವ ವೇಗ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಪಕ್ಕದಲ್ಲೇ ಗುರಿಯ ಗೆರೆಯೂ ಇರುತ್ತದೆ. ನಡುನಡುವೆ ಹೊಟ್ಟೆ ಎಷ್ಟು ತುಂಬಿದೆ ಎಂದು ಯಂತ್ರ ಕೇಳುತ್ತದೆ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಇದನ್ನು ಕಟ್ಟಿದ್ದು ಬೊಜ್ಜಿಗಾಗಿ ಅಲ್ಲ, ಊಟವನ್ನೇ ಬಿಟ್ಟು ಸೊರಗುವ ಅನೊರೆಕ್ಸಿಯಾ ರೋಗಿಗಳಿಗೆ ಮತ್ತೆ ಉಣ್ಣುವುದನ್ನು ಕಲಿಸಲು. ಅದೇ ತಕ್ಕಡಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 9ರಿಂದ 17 ವರ್ಷದ 106 ಮಕ್ಕಳ ಮೇಲೆ ಪರೀಕ್ಷಿಸಿ, 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ಕೊನೆಗೆ, ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ನಿಧಾನವಾಗಿ ಉಣ್ಣಲು ಕಲಿತವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಹೆಚ್ಚು ಇಳಿದಿತ್ತು. ಮುಂದಿನ ಆರು ತಿಂಗಳೂ ಆ ಇಳಿಕೆ ಹಾಗೆಯೇ ಉಳಿಯಿತು. ಆದರೆ ಅದೇ ಸಾಧನವನ್ನು ಆಸ್ಪತ್ರೆಯಿಂದ ಹೊರಗೆ, ಊರಿನ ವೈದ್ಯರ ದವಾಖಾನೆಗಳಲ್ಲಿ ನರ್ಸುಗಳ ಮೂಲಕ ಬಳಸಹೊರಟ ಮುಂದಿನ ಪ್ರಯತ್ನ ಸಾಕಷ್ಟು ಕುಟುಂಬಗಳು ಸೇರದೆ ಆರಂಭದ ಹಂತದಲ್ಲೇ ನಿಂತಿತು. ತಕ್ಕಡಿ ಅದೇ ಆಗಿದ್ದರೂ ಸುತ್ತಲಿನ ವ್ಯವಸ್ಥೆ ಬೇರೆಯಾಗಿತ್ತು.

ಎಸ್‌ಎಂಎಸ್ ಕಾಲದ ಕಥೆ ಚಿಕ್ಕದು. 2008ರಲ್ಲಿ ಜೆನಿಫರ್ ಶಪಿರೊ ತಂಡ ಪಾಲಕರನ್ನೂ ಮಕ್ಕಳನ್ನೂ ಸೇರಿಸಿಕೊಂಡು, ಸಿಹಿ ಪಾನೀಯ, ನಡಿಗೆ, ಟಿವಿ ಈ ಮೂರರ ಲೆಕ್ಕವನ್ನು ಸಂದೇಶದಲ್ಲಿ ಕಳಿಸಲು ಹೇಳಿದಾಗ, ಕಾಗದದಲ್ಲಿ ಬರೆಯುವವರಿಗಿಂತ ಹೆಚ್ಚು ಮಂದಿ ಕೊನೆಯವರೆಗೆ ಉಳಿದರು. ಸಿಡ್ನಿಯ ‘ಲೂಸಿಟ್’ ಪ್ರಯೋಗದಲ್ಲಿ 13ರಿಂದ 16 ವರ್ಷದ 151 ಮಂದಿ ಇದ್ದರು. ಗುಂಪು ತರಬೇತಿಯ ಜೊತೆಗೆ ಅರ್ಧದಷ್ಟು ಮಂದಿಗೆ ಫೋನ್ ಕರೆ, ಸಂದೇಶ, ಇಮೇಲ್ ಕೂಡ ಸಿಕ್ಕವು. 2012ರಲ್ಲಿ ಬಂದ ಒಂದು ವರ್ಷದ ಫಲಿತಾಂಶದಲ್ಲಿ ಎರಡೂ ಗುಂಪುಗಳು ಸ್ವಲ್ಪ ಸುಧಾರಿಸಿದ್ದವು. ಹೆಚ್ಚುವರಿ ಸಂದೇಶಗಳಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

ಆಟಗಳ ಮೇಲೆ ಇಟ್ಟ ಭರವಸೆ ಇದಕ್ಕಿಂತ ದೊಡ್ಡದಿತ್ತು. ಜಪಾನಿನ ಕೊನಾಮಿ 1998ರಲ್ಲಿ ತಂದ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಎಂಬ ಕುಣಿತದ ಆಟವನ್ನು ಅಮೆರಿಕದ ವೆಸ್ಟ್ ವರ್ಜಿನಿಯಾ ರಾಜ್ಯ ತನ್ನ ಶಾಲೆಗಳಿಗೆ ಒಯ್ದಿತು. ನ್ಯೂಜಿಲೆಂಡಿನಲ್ಲಿ ರಾಲ್ಫ್ ಮ್ಯಾಡಿಸನ್ 10ರಿಂದ 14 ವರ್ಷದ 322 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮೈ ಆಡಿಸಿ ಆಡುವ ಆಟ ಪಡೆದವರ ಬಿಎಂಐ 24 ವಾರಗಳಲ್ಲಿ ಉಳಿದವರಿಗಿಂತ ಕೇವಲ 0.24 ಕಡಿಮೆ ಇತ್ತು. 2016ರ ‘ಪೋಕೆಮಾನ್ ಗೋ’ ಅಬ್ಬರದಲ್ಲಿ ಯುವಜನರ ನಡಿಗೆ ಮೊದಲ ವಾರ ದಿನಕ್ಕೆ 955 ಹೆಜ್ಜೆ ಏರಿ, ಆರನೆಯ ವಾರಕ್ಕೆ ಹಳೆಯ ಮಟ್ಟಕ್ಕೆ ಮರಳಿತು. ಕೈಪಟ್ಟಿಗಳ ವಿಷಯದಲ್ಲಿ ಇನ್ನೊಂದು ಆತಂಕ ಕಂಡಿತು. 2017ರಲ್ಲಿ ಕರ್ನರ್ ಮತ್ತು ಗುಡ್‌ಇಯರ್, ಇಂಗ್ಲೆಂಡಿನ 13–14 ವಯಸ್ಸಿನ ವಿದ್ಯಾರ್ಥಿಗಳಿಗೆ ಎಂಟು ವಾರ ಫಿಟ್‌ಬಿಟ್ ತೊಡಿಸಿ ನೋಡಿದಾಗ, ಮನಸ್ಸಿನೊಳಗಿನ ಹುರುಪು ತಗ್ಗಿ, ಗೆಳೆಯರೊಡನೆ ಹೋಲಿಕೆಯ ಒತ್ತಡ ಮತ್ತು ಅಪರಾಧಭಾವ ಹೆಚ್ಚಿದ್ದವು.

‘ಡುಮ್ಮ’, ‘ಡುಮ್ಮಿ’ ಎಂದು ಶಾಲೆಯಲ್ಲಿ ದಿನವೂ ಕರೆಸಿಕೊಳ್ಳುವ ಹುಡುಗ ಹುಡುಗಿಯರ ಕೈಗೆ ಅವರ ಸೋಲನ್ನು ಅಂಕಿಯಲ್ಲಿ ತೋರಿಸುವ ಯಂತ್ರ ಕೊಡುವಾಗ ಬಹಳ ಎಚ್ಚರ ಬೇಕು. ಈ ಎಚ್ಚರ ವಹಿಸಿದ ಪ್ರಯೋಗವೂ ಇದೆ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಮೇಗನ್ ಜೋನ್ಸ್ ಮತ್ತು ಬಾರ್ ಟೇಲರ್ ತಂಡ, ತೂಕವೂ ಹೆಚ್ಚಿದ್ದು ಹಿಡಿತ ತಪ್ಪಿ ತಿನ್ನುವ ಅಭ್ಯಾಸವೂ ಇದ್ದ 105 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ 16 ವಾರಗಳ ಜಾಲತಾಣ ಕಾರ್ಯಕ್ರಮ ನಡೆಸಿತು. ಹಸಿವನ್ನು ಗುರುತಿಸುವುದು, ಬೇಸರ ಸಿಟ್ಟುಗಳಿಂದ ತಿನ್ನುವುದನ್ನು ಕಂಡುಕೊಳ್ಳುವುದು ಅದರ ಪಾಠವಾಗಿತ್ತು. ಬಿಎಂಐ, ಹಿಡಿತ ತಪ್ಪಿದ ತಿನ್ನಾಟ ಎರಡೂ ಇಳಿದವು.

ಎಚ್ಚರ ತಪ್ಪಿದ್ದು ‘ಕರ್ಬೊ’ ಎಂಬ ಆ್ಯಪಿನಲ್ಲಿ. ಎಪ್‌ಸ್ಟೈನ್‌ರ ಮೂರು ಬಣ್ಣ ಸ್ಟ್ಯಾನ್‌ಫರ್ಡ್‌ನ ಮಕ್ಕಳ ಚಿಕಿತ್ಸಾಲಯದ ಮೂಲಕ ಸಾಗಿ ಈ ಆ್ಯಪಿಗೆ ಬಂದವು. ವೇಟ್ ವಾಚರ್ಸ್ ಸಂಸ್ಥೆ ಅದನ್ನು 2018ರಲ್ಲಿ ಕೊಂಡು, 2019ರ ಆಗಸ್ಟ್‌ನಲ್ಲಿ 8ರಿಂದ 17 ವರ್ಷದವರಿಗೆಂದು ಬಿಡುಗಡೆ ಮಾಡಿತು. ತೂಕ ಇಳಿಸಿದ ಮಕ್ಕಳ ಮೊದಲಿನ ಮತ್ತು ನಂತರದ ಚಿತ್ರಗಳು ಜಾಹೀರಾತಾದವು. ಆಹಾರ ಸೇವನೆಯ ರೋಗಗಳಿಗೆ ಚಿಕಿತ್ಸೆ ನೀಡುವವರು ತೀವ್ರವಾಗಿ ಪ್ರತಿಭಟಿಸಿದರು. ಹಿಂತೆಗೆಯಬೇಕೆಂಬ ಮನವಿಗೆ ಸಾವಿರಾರು ಜನ ಸಹಿ ಹಾಕಿದರು. 13 ವರ್ಷದೊಳಗಿನವರ ಮಾಹಿತಿಯನ್ನು ಪಾಲಕರ ಒಪ್ಪಿಗೆ ಇಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿಸಿದ ಪ್ರಕರಣ 2022ರಲ್ಲಿ 15 ಲಕ್ಷ ಡಾಲರ್ ದಂಡದ ರಾಜಿಯಲ್ಲಿ ಮುಗಿಯಿತು. ಆ ಮಾಹಿತಿಯನ್ನೂ ಅದರಿಂದ ಕಟ್ಟಿದ ಅಲ್ಗಾರಿದಂಗಳನ್ನೂ ಅಳಿಸಬೇಕೆಂದು ಆದೇಶವಾಯಿತು. ಅದೇ ವರ್ಷ ಆ್ಯಪ್ ಮುಚ್ಚಿತು.

ಬಣ್ಣಗಳಲ್ಲಿ ದೋಷವಿರಲಿಲ್ಲ. ಎಪ್‌ಸ್ಟೈನ್‌ರ ಕ್ರಮದಲ್ಲಿ ಕೆಂಪು ತಿನಿಸನ್ನು ಮನೆಗೆ ತರಬೇಕೇ ಬೇಡವೇ ಎಂದು ನಿರ್ಧರಿಸುವವರು ದೊಡ್ಡವರು. ತಮ್ಮ ತಟ್ಟೆಗೂ ಅವರು ಅದೇ ಬಣ್ಣ ಹಚ್ಚಬೇಕಿತ್ತು. ಫೋನಿನಲ್ಲಿ ಎಂಟು ವರ್ಷದ ಮಗು ತಾನೊಬ್ಬನೇ ಕೂತು ತಾನು ತಿಂದದ್ದಕ್ಕೆ ಕೆಂಪು ಗುರುತು ಹಾಕಬೇಕು. ತಿನಿಸು ಕೊಂಡುತಂದವರ ಹೊಣೆ ಆ ಪರದೆಯಲ್ಲಿ ಕಾಣುವುದೇ ಇಲ್ಲ.

ಭಾರತಕ್ಕೆ ಬಂದರೆ ಪ್ರಶ್ನೆಗಳು ಇನ್ನಷ್ಟು ತೊಡಕಾಗುತ್ತವೆ. 2024ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಂದಾಜಿನಂತೆ, 5ರಿಂದ 19 ವರ್ಷದ ಸುಮಾರು 1.25 ಕೋಟಿ ಭಾರತೀಯ ಮಕ್ಕಳಿಗೆ 2022ರಲ್ಲಿ ಬೊಜ್ಜು ಇತ್ತು. ಆದರೆ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಶೇ 5ರಷ್ಟು ಮಂದಿ ಅತಿತೂಕದವರಾದರೆ, ಶೇ 24ರಷ್ಟು ಮಂದಿ ತೀರ ತೆಳ್ಳಗಿದ್ದರು. ಒಂದೇ ತರಗತಿಯಲ್ಲಿ ಇಬ್ಬರೂ ಇರುವಾಗ ‘ಕಡಿಮೆ ತಿನ್ನು’ ಎಂಬ ಸಂದೇಶವನ್ನು ಎಲ್ಲರಿಗೂ ಕಳಿಸುವಂತಿಲ್ಲ. ತೂಕದ ಅಂಕಿಯೂ ಇಲ್ಲಿ ಪೂರ್ತಿ ಸತ್ಯ ಹೇಳುವುದಿಲ್ಲ. ಮೈಸೂರಿನ ಜನರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ಜಿ.ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮೊದಲಾದವರು ‘ಪಾರ್ಥೆನಾನ್’ ಅಧ್ಯಯನದಲ್ಲಿ ವರ್ಷಾನುಗಟ್ಟಲೆ ಗಮನಿಸಿದ್ದಾರೆ. ಆ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಚಿಕ್ಕವಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆ ಇರಲಿಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರ ತನ್ನ ಬೆಳವಣಿಗೆಯ ನಕ್ಷೆಯಲ್ಲಿ, ವಯಸ್ಕರ 23 ಮತ್ತು 27 ಬಿಎಂಐಗೆ ಸಮನಾದ ಗೆರೆಗಳನ್ನು ಅತಿತೂಕಕ್ಕೂ ಬೊಜ್ಜಿಗೂ ಇರಿಸಿದ್ದು ಇಂಥ ತಿಳಿವಳಿಕೆಯಿಂದಲೇ. ವಿದೇಶದ ಆ್ಯಪಿನ 25–30ರ ಲೆಕ್ಕ ಇಲ್ಲಿನ ಮಗುವಿಗೆ ಹೊಂದದು.

ಆಹಾರದ ಪಟ್ಟಿಯದೂ ಅಂಥದೇ ತೊಂದರೆ. 1937ರಲ್ಲಿ ಕೂನೂರಿನಿಂದ ವ್ಯಾಲೇಸ್ ಆಕ್ರಾಯ್ಡ್ ಹೊರತಂದ ಭಾರತೀಯ ಆಹಾರಗಳ ಪೌಷ್ಟಿಕಾಂಶ ಪುಸ್ತಿಕೆ ಅರೆಹೊಟ್ಟೆಯವರಿಗೆ ಸಾಕಾಗುವ ಊಟ ಯೋಜಿಸಲೆಂದು ಹುಟ್ಟಿದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳಲ್ಲಿ 528 ಆಹಾರಗಳಿದ್ದರೂ ಅವು ಮುಖ್ಯವಾಗಿ ಬೇಯಿಸದ ಪದಾರ್ಥಗಳು. ಬಿಸಿಬೇಳೆಬಾತಿನ ಒಂದು ಸೌಟಿನಲ್ಲಿ ಏನಿದೆ ಎಂಬುದು ಅಡುಗೆ ಮಾಡಿದವರ ಕೈಯ ಎಣ್ಣೆ ತುಪ್ಪವನ್ನು ಅವಲಂಬಿಸಿರುತ್ತದೆ. 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೆಲ್ದಿಫೈಮಿ ಆ್ಯಪ್ ಇಂಥ ಬೆಂದ ಅಡುಗೆಗಳ ಪಟ್ಟಿ ಕಟ್ಟಿದ್ದರಿಂದಲೇ ಇಲ್ಲಿನ ವಯಸ್ಕರಲ್ಲಿ ನೆಲೆಯೂರಿತು. ಹದಿನಾಲ್ಕರ ಹುಡುಗಿಗೆ ಅಮ್ಮ ಎಷ್ಟು ಎಣ್ಣೆ ಹಾಕಿದರೆಂದು ಗೊತ್ತಿರುವುದಿಲ್ಲ. ಬಡಿಸುವವರೂ ಸಾಮಾನ್ಯವಾಗಿ ಅಮ್ಮನೋ ಅಜ್ಜಿಯೋ. ನಮ್ಮ ಮನೆಗಳಲ್ಲಿ ಊಟದ ನಿಜವಾದ ದಿನಚರಿ ಇರುವುದು ಅವರ ಕೈಯಲ್ಲಿ.

ಫೋನಿನ ಒಡೆತನವನ್ನೂ ಇಲ್ಲಿ ಗಮನಿಸಬೇಕು. 2023ರ ‘ಅಸರ್’ ಗ್ರಾಮೀಣ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ 14ರಿಂದ 18 ವರ್ಷದವರ ಪೈಕಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ ಶೇ 43.7, ಹುಡುಗಿಯರಲ್ಲಿ ಶೇ 19.8. ಹುಡುಗಿಯರಿಗೆ ಆಗಿರುವ ಅನ್ಯಾಯ ಇದರಲ್ಲಿ ಸ್ಪಷ್ಟವಾಗಿದೆ. ಹಾಗೆಯೇ, ಹೆಚ್ಚಿನ ಹಳ್ಳಿಮನೆಗಳಲ್ಲಿ ಫೋನು ಇನ್ನೂ ಮನೆಯವರೆಲ್ಲರ ಸ್ವತ್ತು. ಬ್ಯಾಟನ್ ರೂಜಿನ ಮನೆಗಳ ಕಂಪ್ಯೂಟರಿನಂತೆಯೇ ತಾಯಿ ಮಗಳು ಒಟ್ಟಿಗೆ ನೋಡಬಹುದಾದ ಪರದೆ. ಚೆನ್ನೈನ ಎ. ರಾಮಚಂದ್ರನ್ ತಂಡ 537 ಪುರುಷರಿಗೆ ಎರಡು ವರ್ಷ ಸಾದಾ ಎಸ್‌ಎಂಎಸ್ ಕಳಿಸಿದಾಗ, ಸಕ್ಕರೆ ಕಾಯಿಲೆ ಬಂದವರ ಪ್ರಮಾಣ ಶೇ 27ರ ಬದಲು ಶೇ 18 ಆಗಿತ್ತು. ಅಷ್ಟು ಸರಳ ಸಾಧನವನ್ನು ಮಗಳಿಗೆ ಮಾತ್ರ ಕಳಿಸುವ ಬದಲು ಅಡುಗೆ ಮಾಡುವವರಿಗೂ ಸಾಮಾನು ತರುವವರಿಗೂ ಕಳಿಸಿ ಪರೀಕ್ಷಿಸುವುದು, ಇಲ್ಲಿನ ಸಂಶೋಧಕರು ಕೈಗೆತ್ತಿಕೊಳ್ಳಬೇಕಾದ ಕೆಲಸ.

2023ರಲ್ಲಿ ನಡೆದ ಎರಡು ಬೆಳವಣಿಗೆಗಳು ಪಾಲಕರನ್ನು ಮತ್ತೆ ಮುಂದಕ್ಕೆ ತಂದಿವೆ. ಜನವರಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೊರಡಿಸಿದ ಮಾರ್ಗಸೂಚಿ, 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆ ಮುಖಾಮುಖಿಯಾಗಿ, ಕುಟುಂಬವನ್ನು ಒಳಗೊಂಡು ನಡೆಯುವ ಚಿಕಿತ್ಸೆಗೇ ಹೆಚ್ಚಿನ ಪರಿಣಾಮವಿದೆ ಎಂದಿತು. ಆಗಸ್ಟ್‌ನಲ್ಲಿ ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಯಿತು. ಅದರ 9ನೇ ಕಲಮಿನ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದಕ್ಕೆ ನಿಷೇಧವಿದ್ದು, ವಿನಾಯಿತಿ ನೀಡುವ ಅಧಿಕಾರ ಸರ್ಕಾರಕ್ಕಿದೆ. ಅಮೆರಿಕದ ಕಾನೂನು 13ಕ್ಕೆ ಎಳೆದ ಗೆರೆಯನ್ನು ನಮ್ಮದು 18ಕ್ಕೆ ಎಳೆದಿರುವುದರಿಂದ, ಹದಿಹರೆಯ ಬಹುಪಾಲು ಆ ಗೆರೆಯ ಒಳಗೇ ಬರುತ್ತದೆ. ಇಂಥ ಆ್ಯಪ್ ರೂಪಿಸುವವರು ತಾಯಿ ತಂದೆಯ ಒಪ್ಪಿಗೆಯನ್ನು ಹೇಗೂ ಕೇಳಲೇಬೇಕು. ಆ ಒಪ್ಪಿಗೆ ಒಂದು ಗುಂಡಿ ಒತ್ತುವಷ್ಟಕ್ಕೇ ಮುಗಿಯಬೇಕೇ, ಅಥವಾ ಅವರ ತಟ್ಟೆ, ಅವರ ನಡಿಗೆ, ಅವರ ಸಂತೆಯ ಚೀಲವೂ ಅದೇ ಆ್ಯಪಿನ ಲೆಕ್ಕಕ್ಕೆ ಸೇರಬೇಕೇ ಎಂಬುದು ಕಾನೂನು ಹೇಳದ, ವಿನ್ಯಾಸಕಾರರು ನಿರ್ಧರಿಸಬೇಕಾದ ವಿಷಯ.