ಲಾಲ್‌ಬಾಗಿನ ಗಾಜಿನ ಮನೆ, 1969

ಪಕ್ಷದ ಅಭ್ಯರ್ಥಿಯನ್ನು ಆರಿಸುವವರು ಯಾರು? 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಎದ್ದ ಈ ಪ್ರಶ್ನೆ 84 ವರ್ಷದ ಕಾಂಗ್ರೆಸ್ಸನ್ನೇ ಎರಡು ಹೋಳು ಮಾಡಿತು.

ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡಿದ್ದರು. ಲಾಲ್‌ಬಾಗಿನ ಅಧಿವೇಶನಕ್ಕೆ ದೇಶದ ಮೂಲೆಮೂಲೆಯಿಂದ ಪ್ರತಿನಿಧಿಗಳು ಬಂದಿದ್ದರೂ, ಮುಂದಿನ ಹೆಸರು ತೀರ್ಮಾನಿಸಿದ್ದು ಬೆರಳೆಣಿಕೆಯ ಮುಖಂಡರ ಪಾರ್ಲಿಮೆಂಟರಿ ಬೋರ್ಡು. ಇಂದಿರಾ ಗಾಂಧಿ ಜಗಜೀವನ್ ರಾಮ್ ಎಂದರು. ಕಾಮರಾಜ್, ಮೊರಾರ್ಜಿ, ಮುಂಬಯಿಯ ಎಸ್.ಕೆ. ಪಾಟೀಲ್ ಮೊದಲಾದವರ ಬಹುಮತ ನೀಲಂ ಸಂಜೀವ ರೆಡ್ಡಿಯವರಿಗೆ ಬಿತ್ತು. ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಸಹಿಯನ್ನೇನೋ ಹಾಕಿದರು, ಮನಸ್ಸು ಕೊಡಲಿಲ್ಲ!

ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಅವರು ಸ್ವತಂತ್ರ ಪಕ್ಷ, ಜನಸಂಘದವರ ಬಳಿ ಎರಡನೇ ಪ್ರಾಶಸ್ತ್ಯದ ಮತ ಕೇಳಿದ್ದೇ ಇಂದಿರಾ ಬಣಕ್ಕೆ ನೆಪವಾಯಿತು. ಸಂಸದರು, ಶಾಸಕರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂಬ ಕರೆ ಹೊರಟಿತು. ಮಾತು ಚೆನ್ನಾಗಿಯೇ ಇತ್ತು. ಅವರನ್ನು ಮೊದಲೇ ಕೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಆಗಸ್ಟ್ 16ರಂದು ಮತದಾನ. ಪಕ್ಷೇತರರಾಗಿ ನಿಂತ ವಿ.ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ನವೆಂಬರ್ 12ರಂದು ನಿಜಲಿಂಗಪ್ಪನವರ ಬಣ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿತು. ಅಂದು ಸೋತ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು.