ಸಂಶೋಧನಾ ಪ್ರಕಟಣೆ ಮತ್ತು ಕೃತಿಸ್ವಾಮ್ಯ: ತಿಳಿದಿರಬೇಕಾದ ಪದಗಳು

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಪ್ರಸಿದ್ಧ. ಇಂದು ಶಾಸ್ತ್ರದಾನಕ್ಕಾಗಿ ಗ್ರಂಥ ಮರುಮುದ್ರಿಸುವವರು ಕಾನೂನನ್ನೂ ನೋಡಬೇಕು. ಕೆಂಗೇರಿ ಸಮೀಪದ ಜ್ಞಾನಭಾರತಿ ಆವರಣದಲ್ಲಿ ಪಿಎಚ್.ಡಿ. ಮಾಡುವ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮಕ್ಕಳಿಗೂ ಹಣ ಕಟ್ಟುವ, ಸಹಿ ಹಾಕುವ ಮೊದಲು ಈ ಪದಗಳ ಅರ್ಥ ತಿಳಿದಿರಬೇಕು.

ಐಎಸ್‌ಎಸ್‌ಎನ್, ಐಎಸ್‌ಬಿಎನ್, ಡಿಒಐ: ಮೊದಲನೆಯದು ನಿಯತಕಾಲಿಕಗಳ 8 ಅಂಕಿಯ ಸಂಖ್ಯೆ, ಎರಡನೆಯದು ಪುಸ್ತಕಗಳ 13 ಅಂಕಿಯ ಸಂಖ್ಯೆ, ಮೂರನೆಯದು ಸಾಮಾನ್ಯವಾಗಿ ಒಂದೊಂದು ಲೇಖನಕ್ಕೆ ಅಂತರ್ಜಾಲದಲ್ಲಿ ಕೊಡುವ ಕಾಯಂ ಗುರುತು. ಇವು ಗುರುತು ಮಾತ್ರ, ಗುಣಮಟ್ಟದ ಪ್ರಮಾಣಪತ್ರವಲ್ಲ.

ತಜ್ಞರ ಪರಿಶೀಲನೆ: ಪ್ರಕಟಣೆಗೆ ಮೊದಲು ಅದೇ ವಿಷಯದ ವಿದ್ವಾಂಸರು ಲೇಖನವನ್ನು ಓದಿ ಅಭಿಪ್ರಾಯ ಕೊಡುವುದು. ಹಣ ಕಟ್ಟಿದರೆ ಎರಡೇ ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಯಲ್ಲಿ ಇದು ನಡೆಯುತ್ತದೆಯೇ ಎಂದು ಸಂಶಯಪಡಬೇಕು. ಯುಜಿಸಿಯ 2022ರ ನಿಯಮಗಳಲ್ಲಿ ಪಿಎಚ್.ಡಿ.ಗೆ ಲೇಖನ ಪ್ರಕಟಣೆ ಕಡ್ಡಾಯವಲ್ಲ. ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯೂ 2025ರಲ್ಲಿ ನಿಂತಿದೆ. ಆದ್ದರಿಂದ ತಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಮಾರ್ಗದರ್ಶಕರಲ್ಲಿ ಕೇಳಿ ತಿಳಿಯಬೇಕು.

ಇಂಪ್ಯಾಕ್ಟ್ ಫ್ಯಾಕ್ಟರ್: ಇದು ಪತ್ರಿಕೆಯ ಅಳತೆ. ಹಿಂದಿನ ಎರಡು ವರ್ಷಗಳಲ್ಲಿ 40 ಲೇಖನ ಬಂದು, ಅವುಗಳನ್ನು ಈ ವರ್ಷ 60 ಬಾರಿ ಉಲ್ಲೇಖಿಸಿದ್ದರೆ ಅದು 1.5.

ಎಚ್-ಇಂಡೆಕ್ಸ್: ಇದು ಲೇಖಕರ ಅಳತೆ. ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದರು. ಕನಿಷ್ಠ 5 ಬಾರಿ ಉಲ್ಲೇಖಗೊಂಡ 5 ಲೇಖನಗಳಿದ್ದರೆ ಸೂಚ್ಯಂಕ 5. ಕನ್ನಡ, ಪ್ರಾಕೃತ ಗ್ರಂಥಗಳ ಉಲ್ಲೇಖಗಳು ಈ ಲೆಕ್ಕಕ್ಕೆ ಸಿಗುವುದು ಕಡಿಮೆ; ಹಾಗಾಗಿ ಸಂಖ್ಯೆ ಚಿಕ್ಕದಾದರೆ ವಿದ್ವತ್ತು ಚಿಕ್ಕದೆಂದಲ್ಲ.

ಕೃತಿಸ್ವಾಮ್ಯ: 1957ರ ಕಾಯ್ದೆಯಂತೆ ಲೇಖಕರ ಜೀವಿತಾವಧಿ, ನಂತರ 60 ವರ್ಷ. ಎಣಿಕೆ ನಿಧನದ ಮರುವರ್ಷದಿಂದ. ಮಂಜೇಶ್ವರ ಗೋವಿಂದ ಪೈಯವರು ನಿಧನರಾದದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರಿಂದ ಮುಕ್ತ. ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರು ನಿಧನರಾದದ್ದು 1975ರಲ್ಲಿ. ಅವರ ಬರಹಗಳಿಗೆ 2035ರ ಕೊನೆಯವರೆಗೆ ರಕ್ಷಣೆಯಿದೆ.

ಇಲ್ಲೇ ಹೆಚ್ಚಿನವರು ಎಡವುವುದು. ಉಪಾಧ್ಯೆಯವರು ಸಂಪಾದಿಸಿದ ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ಗಾಥೆಗಳು ಯಾರ ಸ್ವತ್ತೂ ಅಲ್ಲ. ಸಂಪಾದಕರ ವಿಸ್ತಾರವಾದ ಪ್ರಸ್ತಾವನೆಗೆ ಹಕ್ಕಿದೆ. 941ರ ಪಂಪನ ಆದಿಪುರಾಣ ಮುಕ್ತ; ಇತ್ತೀಚಿನ ಗದ್ಯಾನುವಾದ, ಟಿಪ್ಪಣಿಗಳು ಮುಕ್ತವಲ್ಲ. ಉಚಿತವಾಗಿ ಹಂಚಿದರೂ ಅನುಮತಿ ಬೇಕು.

ಹಕ್ಕು ವರ್ಗಾವಣೆ: ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದೇ ಕಾಯ್ದೆಯ ಅರ್ಥ.

ಮುಕ್ತ ಪ್ರವೇಶ: ಹಣ ಕೊಡದೆ ಓದಲು ಸಿಗುವುದು. ಶೋಧಗಂಗಾದಲ್ಲಿ ಪ್ರಬಂಧಗಳನ್ನು ಎಲ್ಲರೂ ಓದಬಹುದು. ಮರುಮುದ್ರಣದ ಹಕ್ಕು ಅದರಿಂದ ಬರುವುದಿಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದ್ದರೆ ಅದರ ಷರತ್ತು ಓದಬೇಕು.