ಮಲೆಯಾಚೆಯ ತೋಟ, ಮಲೆಯೀಚೆಯ ನೆಲಮಾಳಿಗೆ: ಲೆಬನಾನಿನ ಹೋಷಾರ್ ಮನೆತನದ ದ್ರಾಕ್ಷಾಕೃಷಿ

ಲೆಬನಾನ್ ಮತ್ತು ಆಂಟಿ-ಲೆಬನಾನ್ ಎಂಬ ಎರಡು ಪರ್ವತಶ್ರೇಣಿಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ ಹಬ್ಬಿರುವ ಬೆಕಾ ಕಣಿವೆಯು ದ್ರಾಕ್ಷಿಗೆ ಎಷ್ಟು ಪ್ರಾಚೀನವಾದ ನೆಲೆಯೆಂಬುದಕ್ಕೆ, ಬಾಲ್‌ಬೆಕ್ಕಿನಲ್ಲಿ ರೋಮನ್ನರು ಕ್ರಿ.ಶ. 2ನೆಯ ಶತಮಾನದಲ್ಲಿ ಕಟ್ಟಿಸಿದ ಬಾಕಸ್ ದೇವಾಲಯದ ಬಾಗಿಲುವಾಡದಲ್ಲಿ ಕೊರೆದಿರುವ ಗೊಂಚಲು ಬಳ್ಳಿಗಳೇ ಸಾಕ್ಷಿ. ಅರ್ವಾಚೀನ ಕಾಲದಲ್ಲಿ ಇಲ್ಲಿ ವೈನು ತಯಾರಿಕೆಗೆ ತೊಡಗಿದವರು 1857ರಲ್ಲಿ ಕ್ಸಾರಾದಲ್ಲಿ ನೆಲಸಿದ ಜೆಸುಯಿಟ್ ಪಾದ್ರಿಗಳು. ಅವರ ಚರಿತ್ರೆ ಅನ್ಯತ್ರ ವಿಸ್ತಾರವಾಗಿ ದೊರೆಯುವುದರಿಂದ, 1930ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಗಾಸ್ತೋಂ ಹೋಷಾರ್ ಎಂಬಾತನು ಸ್ಥಾಪಿಸಿದ ಷಾತೋ ಮ್ಯೂಸಾರ್ ಎಂಬ ಮನೆತನದ ಉದ್ಯಮವನ್ನಷ್ಟೇ ಇಲ್ಲಿ ಪರಿಶೀಲಿಸಲಾಗಿದೆ.

ಈ ಉದ್ಯಮದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಯುದ್ಧಕಾಲದ ಸಾಹಸಗಳಲ್ಲಿಯೇ ರಮಿಸಿದ್ದಾರೆ. ಆದರೆ ಆ ಸಾಹಸಗಳಿಗೆಲ್ಲ ಮೂಲವಾದುದು ಒಂದು ಭೌಗೋಳಿಕ ವೈಚಿತ್ರ್ಯ. ತೋಟಗಳಿರುವುದು ಬೆಕಾ ಕಣಿವೆಯಲ್ಲಿ. ಹಣ್ಣನ್ನು ಹಿಂಡಿ, ಹುದುಗಿಸಿ, ಮಾಗಿಸುವ ನೆಲಮಾಳಿಗೆಯಿರುವುದು ಪರ್ವತದ ಪಶ್ಚಿಮಕ್ಕೆ, ಬೈರೂತಿನ ಉತ್ತರದಲ್ಲಿರುವ ಗಜೀರ್ ಎಂಬ ಊರಿನ 18ನೆಯ ಶತಮಾನದ ಕೋಟೆಮನೆಯಲ್ಲಿ. 1920ರಲ್ಲಿ ಫ್ರೆಂಚರು ಬೆಕಾ ಪ್ರದೇಶವನ್ನು ಬೃಹತ್ ಲೆಬನಾನಿಗೆ ಸೇರಿಸಿದ್ದರೂ, ಅದು ಮುಂದೆ ಸಿರಿಯಾದ ಪಾಲಾಗಬಹುದೆಂಬ ಶಂಕೆಯಿಂದಲೇ ಗಾಸ್ತೋಂ ಹೀಗೆ ವ್ಯವಸ್ಥೆ ಮಾಡಿದನೆಂದು ಆ ಮನೆಯವರು ಹೇಳುವುದುಂಟು; ಅಂದಿನ ರಾಜಕೀಯವನ್ನು ಬಲ್ಲವರಿಗೆ ಈ ಮಾತು ಅಸಂಭಾವ್ಯವೆಂದು ತೋರದು.

ಮೊದಲ ಗಿರಾಕಿಗಳಲ್ಲಿ ಫ್ರೆಂಚ್ ಸೈನ್ಯಾಧಿಕಾರಿಗಳಿದ್ದರು. 1946ರಲ್ಲಿ ಆ ಸೈನ್ಯವು ದೇಶ ಬಿಟ್ಟು ತೆರಳಿದಾಗ ಆ ಗಿರಾಕಿಗಳೂ ಇಲ್ಲವಾದರು. ಬೋರ್ಡೋದಲ್ಲಿ ಎಮಿಲ್ ಪೆನೋನಂತಹ ಆಚಾರ್ಯರಲ್ಲಿ ವೈನು ಶಾಸ್ತ್ರವನ್ನು ವ್ಯಾಸಂಗ ಮಾಡಿದ, ಗಾಸ್ತೋಂನ ಹಿರಿಯ ಮಗ ಸೆರ್ಜ್ 1959ರಲ್ಲಿ ನೆಲಮಾಳಿಗೆಯ ಹೊಣೆಯನ್ನು ವಹಿಸಿಕೊಂಡನು. ವ್ಯಾಪಾರವನ್ನು ತಮ್ಮ ರೊನಾಲ್ಡ್ ನೋಡಿಕೊಂಡನು. ಕಾಬರ್ನೇ ಸೋವಿನ್ಯೋಂ, ಸಿನ್ಸೋ, ಕಾರಿನ್ಯಾಂ ಎಂಬ ಮೂರು ಜಾತಿಗಳನ್ನು ಬೇರೆಬೇರೆಯಾಗಿ ಸಿಮೆಂಟು ತೊಟ್ಟಿಗಳಲ್ಲಿ, ಹಣ್ಣಿನ ಸಿಪ್ಪೆಯೊಡನೆಯೇ ಬಂದ ಕಾಡು ಕಿಣ್ವದಿಂದ ಹುದುಗಿಸಿ, ಓಕ್ ಪೀಪಾಯಿಗಳಲ್ಲಿ ಒಂದು ವರ್ಷವಿರಿಸಿ, ಅನಂತರ ಬೆರಸಿ, ಸೀಸೆಗೆ ತುಂಬಿದ ಮೇಲೂ ಮಾಗಿಸಿ, ಕೊಯ್ಲಿನ ಏಳನೆಯ ವರ್ಷದಲ್ಲಿ ಪೇಟೆಗೆ ಬಿಡುವ ಸೆರ್ಜನ ಕ್ರಮದಿಂದ ರಸದಲ್ಲಿ ಮೂಡುವ ಒಂದು ಬಗೆಯ ಹುಳಿಯ ಗಂಧವನ್ನು ಕೆಲವು ಪರೀಕ್ಷಕರು ದೋಷವೆಂದರು, ಕೆಲವರು ಅದನ್ನೇ ಗುಣವೆಂದು ಕೊಂಡಾಡಿದರು. ಬೋರ್ಡೋದ ಪಾಠವನ್ನು ಕಲಿತೂ ಮೀರಿದ ಧೈರ್ಯವು ನನಗೆ ಯುದ್ಧದ ಕಥೆಗಳಿಗಿಂತ ಹೆಚ್ಚು ಗಮನಾರ್ಹವಾಗಿ ಕಾಣುತ್ತದೆ.

1975ರ ಏಪ್ರಿಲಿನಲ್ಲಿ ಅಂತರ್ಯುದ್ಧ ತೊಡಗಿ 1990ರವರೆಗೂ ಮುಂದುವರಿಯಿತು. ಬೈರೂತಿನಿಂದ ಬೆಕಾ ಕಣಿವೆಯನ್ನು ಹಾದು ದಮಾಸ್ಕಸ್ಸಿಗೆ ಹೋಗುವ ಘಟ್ಟದ ದಾರಿಯು ಒಂದೊಂದು ಬಣದ ಕಾವಲುಕಟ್ಟೆಗಳಿಂದ ತುಂಡುತುಂಡಾದಾಗ, ತೋಟದಿಂದ ಗಜೀರಿಗೆ ಶಾಂತಿಕಾಲದಲ್ಲಿ ಕೆಲವೇ ಗಂಟೆಗಳ ಪ್ರಯಾಣವಾಗಿದ್ದುದು ದಿನಗಳ ಸಂಕಟವಾಯಿತು. 1976ರಲ್ಲಿ ವೈನು ತಯಾರಾಗಲೇ ಇಲ್ಲ. 1984ರಲ್ಲಿಯಂತೂ ಹಣ್ಣು ಹೇರಿದ ಲಾರಿಗಳು ಸುತ್ತುದಾರಿ ಹಿಡಿದು ತಡವಾಗಿ ಗಜೀರ್ ಸೇರುವಷ್ಟರಲ್ಲಿ ಹುದುಗು ದಾರಿಯಲ್ಲಿಯೇ ಎದ್ದಿತ್ತು.

ಸ್ವದೇಶದ ಮಾರುಕಟ್ಟೆ ಕುಸಿದುದೇ ಈ ಮನೆತನವನ್ನು ಹೊರನಾಡಿಗೆ ನೂಕಿತು. 1979ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವೈನು ಮೇಳದಲ್ಲಿ ಹರಾಜುಗಾರನೂ ವಿಮರ್ಶಕನೂ ಆದ ಮೈಕೇಲ್ ಬ್ರಾಡ್‌ಬೆಂಟ್ ಮ್ಯೂಸಾರಿನ 1967ರ ವೈನನ್ನು ಮೆಚ್ಚಿದನು. 1984ರಲ್ಲಿ ಡಿಕ್ಯಾಂಟರ್ ಎಂಬ ವೈನು ಪತ್ರಿಕೆಯು ತಾನು ಆಗತಾನೆ ಆರಂಭಿಸಿದ ವರ್ಷದ ವ್ಯಕ್ತಿ ಗೌರವವನ್ನು ಮೊದಲಿಗೆ ಸೆರ್ಜನಿಗೇ ಸಲ್ಲಿಸಿತು.

ಸೆರ್ಜ್ 2014ರ ಡಿಸೆಂಬರ್ 31ರಂದು ಮೆಕ್ಸಿಕೋದಲ್ಲಿ ತೀರಿಕೊಂಡನು. ಮುಂದಿನ ಪೀಳಿಗೆಯು ಕೆಲಸವನ್ನು ಮುಂದುವರಿಸಿದೆ. ಯುದ್ಧಾನಂತರ ಕಣಿವೆಯಲ್ಲಿಯೇ ಅನೇಕ ಹೊಸ ವೈನುಶಾಲೆಗಳು ತಲೆಯೆತ್ತಿದರೂ ಹೋಷಾರ್ ಮನೆತನವು ಗಜೀರನ್ನು ಬಿಟ್ಟು ಕದಲಿಲ್ಲ. ಒಬೈದೇ, ಮೆರ್ವಾ ಎಂಬ ದೇಶೀಯ ಬಿಳಿ ದ್ರಾಕ್ಷಿಗಳನ್ನು, ಕಸಿ ಕಟ್ಟದೆ ಸ್ವಂತ ಬೇರಿನ ಮೇಲೆಯೇ ಬೆಳೆಸಿಕೊಂಡು ಬಂದಿರುವುದೂ ಇದೇ ಹಟದ ಇನ್ನೊಂದು ಮುಖ.